ಕಲ್ಲಿನ ಸಾಕ್ಷ್ಯಕ್ಕೊಂದು ಜಾಲತಾಣ

ಹೆಬ್ಬಾಳದ ಮೇಲ್ಸೇತುವೆಯ ಮೇಲೆ ದಿನವೂ ಸಾವಿರಾರು ವಾಹನಗಳು ಯಲಹಂಕದತ್ತ, ವಿಮಾನ ನಿಲ್ದಾಣದತ್ತ ಧಾವಿಸುತ್ತವೆ. ಅಲ್ಲಿಂದ ಅನತಿ ದೂರದ ಹಳೆಯ ಹೆಬ್ಬಾಳದಲ್ಲಿ ಕ್ರಿ.ಶ. ಸುಮಾರು 750 ರ ವೀರಗಲ್ಲೊಂದಿರುವುದು ಆ ಪಯಣಿಗರಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಗಂಗ ಅರಸ ಶ್ರೀಪುರುಷನ ಆಳ್ವಿಕೆಯಲ್ಲಿ ರಾಷ್ಟ್ರಕೂಟರೊಡನೆ ಕಾದಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕ ಅದು. 2018 ರಲ್ಲಿ ಬೆಳಕಿಗೆ ಬಂದ ಈ ಕಲ್ಲು ಬೆಂಗಳೂರಿನಲ್ಲಿ ಈವರೆಗೆ ದೊರೆತಿರುವ ಅತ್ಯಂತ ಹಳೆಯ ಕನ್ನಡ ಶಾಸನವೆಂದು ಪರಿಗಣಿತವಾಗಿದೆ.

ಈ ಕಲ್ಲು ಇಂದು ನೆನಪಾಗಲು ಕಾರಣವಿದೆ. ಇತಿಹಾಸದ ಸ್ಪರ್ಧೆಗಳಿಗೆ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಈಗ ಜಾಲತಾಣಗಳನ್ನು ಸಿದ್ಧಪಡಿಸಲಾರಂಭಿಸಿದ್ದಾರೆ. ಮನೆಯಲ್ಲಿ ಗಣಕಯಂತ್ರವಿದೆ, ಅಂತರಜಾಲವಿದೆ. ಅಲ್ಲಿಂದ ನಾಲ್ಕು ಚಿತ್ರ, ಇಲ್ಲಿಂದ ಹತ್ತು ಸಾಲು ಆಯ್ದು ಜೋಡಿಸಿದರೆ ಒಂದೇ ಸಂಜೆಯಲ್ಲಿ ಕೆಲಸ ಮುಗಿಯಿತೆಂದು ಮಕ್ಕಳೂ, ಕೆಲವೊಮ್ಮೆ ಹೆತ್ತವರೂ ಭಾವಿಸುವುದುಂಟು. ಹಾಗೆ ಜೋಡಿಸಿದ್ದು ಜಾಲತಾಣವಾದೀತೇ ಹೊರತು ಇತಿಹಾಸವಾಗದು.

ಈ ಬಗೆಯ ಸ್ಪರ್ಧೆಗಳಲ್ಲಿ ಹೆಸರಾದದ್ದು ಅಮೆರಿಕದ ‘ನ್ಯಾಷನಲ್ ಹಿಸ್ಟರಿ ಡೇ’. 1974 ರಲ್ಲಿ ಕ್ಲೀವ್‌ಲ್ಯಾಂಡ್ ನಗರದಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ಪ್ರಬಂಧ, ಪ್ರದರ್ಶನ ಫಲಕ, ರೂಪಕ, ಸಾಕ್ಷ್ಯಚಿತ್ರ ಮತ್ತು ಜಾಲತಾಣವೆಂಬ ಐದು ವಿಭಾಗಗಳಿವೆ. ಆರರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳು ಭಾಗವಹಿಸಬಹುದು. ಜಾಲತಾಣದ ನಿಯಮಗಳು ಗಮನಾರ್ಹ. ವಿದ್ಯಾರ್ಥಿಯ ಸ್ವಂತ ಬರಹ 1,200 ಪದಗಳನ್ನು ಮೀರಬಾರದು. ಧ್ವನಿ ಮತ್ತು ಚಲನಚಿತ್ರಗಳೆಲ್ಲ ಸೇರಿ ಮೂರು ನಿಮಿಷಕ್ಕೆ ಹೆಚ್ಚಾಗಬಾರದು. ಬಳಸಿದ ಆಕರಗಳ ಪಟ್ಟಿಯ ಜೊತೆಗೆ ಪ್ರತಿಯೊಂದು ಆಕರವೂ ತನಗೆ ಹೇಗೆ ನೆರವಾಯಿತೆಂಬ ಟಿಪ್ಪಣಿಯನ್ನು ವಿದ್ಯಾರ್ಥಿಯೇ ಬರೆಯಬೇಕು. ಬಣ್ಣ, ಚಲನೆ, ಅಲಂಕಾರಗಳಿಗಿಂತ ಸಂಶೋಧನೆಗೇ ಅಲ್ಲಿ ಮಹತ್ವ.

ಈ ಶಿಸ್ತನ್ನು ನಮ್ಮ ಕಿತ್ತಯ್ಯನ ಕಲ್ಲಿಗೆ ಅನ್ವಯಿಸಿ ನೋಡೋಣ. ಮೊದಲು ಬೇಕಾದುದು ಪ್ರಶ್ನೆ. ‘ಹೆಬ್ಬಾಳದ ಇತಿಹಾಸ’ ಎಂಬುದು ವಿಷಯವಾಗಬಹುದು, ಪ್ರಶ್ನೆಯಾಗದು. ‘ಹೆಬ್ಬಾಳವು ಎಂಟನೆಯ ಶತಮಾನದಲ್ಲಿ ಎಂತಹ ಊರಾಗಿತ್ತು?’ ಎಂದು ಕೇಳಿದರೆ ದಾರಿ ತೆರೆಯುತ್ತದೆ. ಶಾಸನದಲ್ಲಿ ‘ಪೆರ್ಬೊಳಲ್ ನಾಡು ಮೂವತ್ತು’ ಎಂಬ ಉಲ್ಲೇಖವಿದೆ. ‘ಪೆರ್’ ಎಂದರೆ ದೊಡ್ಡದು, ‘ಪೊಳಲ್’ ಎಂದರೆ ಪಟ್ಟಣ. ಹಳಗನ್ನಡದ ಪಾಲ್ ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ, ಪೆರ್ಬೊಳಲ್ ಕಾಲಕ್ರಮದಲ್ಲಿ ಹೆಬ್ಬಾಳವಾಯಿತು. ಮೂವತ್ತು ಹಳ್ಳಿಗಳ ನಾಡಿಗೆ ಹೆಸರು ಕೊಟ್ಟ ಊರಿದು. ಕೆಂಪೇಗೌಡರು 1537 ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟುವುದಕ್ಕೆ ಸುಮಾರು ಎಂಟು ಶತಮಾನಗಳ ಹಿಂದೆಯೇ ಇಲ್ಲಿ ದೊಡ್ಡ ಊರೊಂದಿತ್ತೆಂದು ಈ ಒಂದು ಪದವೇ ಸಾರುತ್ತದೆ.

ಎರಡನೆಯದಾಗಿ, ಸಾಕ್ಷ್ಯದ ಮಿತಿಯನ್ನು ಅರಿಯಬೇಕು. ‘ಸುಮಾರು 750’ ಎಂದೆವು. ಏಕೆ ‘ಸುಮಾರು’? ಕಲ್ಲಿನ ಮೇಲೆ ವರ್ಷದ ಉಲ್ಲೇಖವಿಲ್ಲ. ಲಿಪಿಯ ಸ್ವರೂಪ ಮತ್ತು ಅರಸನ ಹೆಸರು, ಇವೆರಡರ ಆಧಾರದಿಂದ ವಿದ್ವಾಂಸರು ಕಾಲವನ್ನು ನಿರ್ಣಯಿಸಿದ್ದಾರೆ. ಆ ಪುಟ್ಟ ಪದವನ್ನು ಬಿಟ್ಟು ‘750 ರಲ್ಲಿ ಯುದ್ಧ ನಡೆಯಿತು’ ಎಂದು ವಿದ್ಯಾರ್ಥಿ ಬರೆದನೆಂದರೆ ಕಲ್ಲು ಹೇಳದ ಮಾತನ್ನು ಕಲ್ಲಿನ ಬಾಯಲ್ಲಿ ಇಟ್ಟಂತಾಯಿತು. ಕಿತ್ತಯ್ಯನ ಮಡದಿ ಮಕ್ಕಳ ಅಳಲನ್ನು ಕಲ್ಪಿಸಿ ಬರೆಯುವುದು ಕತೆಗೆ ಒಪ್ಪುತ್ತದೆ, ಇತಿಹಾಸದ ಪುಟಕ್ಕೆ ಒಪ್ಪದು.

ಇನ್ನು ಜೋಡಣೆಯ ಮಾತು. ಮುಖಪುಟದಲ್ಲಿ ಪ್ರಶ್ನೆಯೂ ಅದಕ್ಕೆ ತಾನು ಕಂಡುಕೊಂಡ ಉತ್ತರವೂ ಎರಡು ಮೂರು ವಾಕ್ಯಗಳಲ್ಲಿರಲಿ. ಮುಂದಿನ ಪುಟಗಳಲ್ಲಿ ಗಂಗರ ಕಾಲದ ಹಿನ್ನೆಲೆ, ಕಲ್ಲಿನ ಶಿಲ್ಪ ಮತ್ತು ಅಕ್ಷರಗಳು, ಊರ ಹೆಸರಿನ ವಿವರಣೆ, ಕಲ್ಲು ಮರಳಿ ದೊರೆತ ಬಗೆ ಕ್ರಮವಾಗಿ ಬರಲಿ. ಕೊನೆಯಲ್ಲಿ ಆಕರಗಳು. ಪ್ರತಿ ಚಿತ್ರದ ಕೆಳಗೆ ತೆಗೆದವರ ಹೆಸರು ಮತ್ತು ದಿನಾಂಕ ಇರತಕ್ಕದ್ದು. ಪರರ ಚಿತ್ರವಾದರೆ ಅನುಮತಿ ಪಡೆಯತಕ್ಕದ್ದು. 1,200 ಪದಗಳ ಮಿತಿಯಲ್ಲಿ ಏನನ್ನು ಬಿಡಬೇಕೆಂದು ನಿರ್ಧರಿಸುವಾಗಲೇ ಯಾವುದು ಮುಖ್ಯವೆಂಬ ವಿವೇಕ ಮಕ್ಕಳಲ್ಲಿ ಮೂಡುತ್ತದೆ.

ಇಷ್ಟೆಲ್ಲ ಶ್ರಮ ಬಹುಮಾನಕ್ಕಾಗಿ ಮಾತ್ರವೇ? ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಊರೂರು ಹುಡುಕಿಸಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟವಾಗಿ 1905 ರಲ್ಲಿ ಪ್ರಕಟಿಸಿದರು. ಆಗ ಇದ್ದ ಕಲ್ಲುಗಳಲ್ಲಿ ಅನೇಕವು ಇಂದು ಇದ್ದಲ್ಲಿಲ್ಲ. ರಸ್ತೆಯ ಅಗಲೀಕರಣ, ಬಡಾವಣೆ, ಮನೆಯ ತಳಪಾಯಗಳಿಗೆ ಅವು ಆಹುತಿಯಾದವು. ಅವುಗಳ ಮಾತು ಉಳಿದಿರುವುದು ಆ ಮುದ್ರಿತ ಪುಟಗಳಲ್ಲಿ ಮಾತ್ರ. ನಾಳೆ ಇನ್ನೊಂದು ಕಲ್ಲು ಕಣ್ಮರೆಯಾದರೆ ಶಾಲಾಬಾಲಕಿಯೊಬ್ಬಳು ಶ್ರದ್ಧೆಯಿಂದ ತೆಗೆದ ಚಿತ್ರವೇ ಅದರ ಕಡೆಯ ಸಾಕ್ಷಿಯಾದೀತು.

ಈ ಕಾರ್ಯದಲ್ಲಿ ನಮ್ಮ ಹಿರಿಯರ ಪಾಲೂ ಇದೆ. 1909 ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿಗೆ ದೀರ್ಘಕಾಲ ಅಧ್ಯಕ್ಷರಾಗಿದ್ದವರು ಫ್ರೆಂಚ್ ಕಥೋಲಿಕ ಗುರು ವಂದನೀಯ ಫಾದರ್ ತಬಾರ್. ಅದೇ ಸಂಸ್ಥೆ ಇಂದು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ಸಂರಕ್ಷಿಸುತ್ತಿದೆ. ಇಂಜಿನಿಯರ್ ಪಿ.ಎಲ್. ಉದಯಕುಮಾರ್ ಅವರ ನೇತೃತ್ವದ ಈ ಯೋಜನೆಯಿಂದ, ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಗಣಕದ ಪರದೆಯ ಮೇಲೆ ಸ್ಪಷ್ಟವಾಗುತ್ತಿವೆ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಉತ್ತಮ ಆಕರ ಎಲ್ಲಿ ದೊರೆತೀತು?

ಒಂದು ಎಚ್ಚರಿಕೆಯ ಮಾತು. ಕಲ್ಲು ಹನ್ನೆರಡು ಶತಮಾನ ಬಾಳಿತು. ಜಾಲತಾಣವಾದರೋ ಅದನ್ನು ಇರಿಸಿಕೊಂಡ ಸಂಸ್ಥೆ ಸೇವೆ ನಿಲ್ಲಿಸಿದ ದಿನವೇ ಮಾಯವಾಗಬಹುದು. ಆದುದರಿಂದ ಸ್ಪರ್ಧೆ ಮುಗಿದ ಬಳಿಕ ಎಲ್ಲ ಪುಟಗಳನ್ನೂ ಮುದ್ರಿಸಿ, ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೂ ಇನ್ನೊಂದನ್ನು ಊರಿನ ಹಿರಿಯರಿಗೂ ಒಪ್ಪಿಸುವುದು ಲೇಸು.

ಪ್ರಿಯ ಹೆತ್ತವರೇ, ಮುಂದಿನ ಭಾನುವಾರ ಪೂಜೆ ಮುಗಿಸಿ ಹಿಂದಿರುಗುವಾಗ ಮಕ್ಕಳನ್ನು ಹಳೆಯ ಹೆಬ್ಬಾಳಕ್ಕೆ ಕರೆದೊಯ್ಯಿರಿ. ಕಲ್ಲಿನ ಮುಂದೆ ಅರ್ಧ ಗಂಟೆ ನಿಲ್ಲಲಿ. ಅಕ್ಷರಗಳನ್ನು ಕಣ್ಣಾರೆ ನೋಡಲಿ, ನೆರೆಯ ಅಜ್ಜಂದಿರನ್ನು ಮಾತನಾಡಿಸಲಿ, ತೋಚಿದ ಪ್ರಶ್ನೆಗಳನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಲಿ. ಗಣಕಯಂತ್ರದ ಕೆಲಸವನ್ನು ಮನೆಗೆ ಬಂದ ಮೇಲೆ ಆರಂಭಿಸಿದರಾಯಿತು.