ಹೆಜ್ಜೆ ಎಣಿಸಿದರೆ ಸಾಲದು

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದ ಮೇಲೆ ಕೆಲವರಿಗೆ ಆ ಕಡೆಯ ತೋಳು ಊದಿಕೊಳ್ಳುತ್ತದೆ. ಈ ಭಯಕ್ಕೇ ವೈದ್ಯರು ಬಹುಕಾಲ ‘ಆ ಕೈಗೆ ಶ್ರಮ ಬೇಡ’ ಎನ್ನುತ್ತಿದ್ದರು. ನೀರಿನ ಬಿಂದಿಗೆ, ಅಕ್ಕಿ ಮೂಟೆ ಎತ್ತುವಂತಿಲ್ಲ. ಇನ್ನು ವ್ಯಾಯಾಮದ ಮಾತೆಲ್ಲಿ?

1996ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಕ್ರೀಡಾವೈದ್ಯ ಡಾನ್ ಮೆಕೆಂಜಿ ಚಿಕಿತ್ಸೆ ಮುಗಿಸಿದ್ದ 24 ಹೆಂಗಸರನ್ನು ಉದ್ದನೆಯ ದೋಣಿಯಲ್ಲಿ ಕೂರಿಸಿ ಹುಟ್ಟು ಹಾಕಿಸಿದರು. ಹೊಸದಾಗಿ ಯಾರ ತೋಳೂ ಊದಲಿಲ್ಲ. ಇಷ್ಟೇ ಮಂದಿಯಿಂದ ಸಿದ್ಧಾಂತ ನಿಲ್ಲದು, ನಿಜ. ಗಟ್ಟಿ ಪುರಾವೆ ಬಂದದ್ದು 2009ರಲ್ಲಿ. ಅಮೆರಿಕದ ಕ್ಯಾಥರಿನ್ ಶ್ಮಿಟ್ಸ್ ತಂಡ ಆಗಲೇ ತೋಳು ಊದಿಕೊಂಡಿದ್ದ 141 ಮಂದಿಯನ್ನು ಆಯ್ದು, ಅರ್ಧ ಜನರಿಗೆ ವಾರಕ್ಕೆರಡು ಸಲ ಭಾರ ಎತ್ತುವುದನ್ನು ಹಂತಹಂತವಾಗಿ ಕಲಿಸಿತು. ವರ್ಷದ ಕೊನೆಗೆ ಅವರ ಊತ ಉಳಿದವರಿಗಿಂತ ಹೆಚ್ಚಾಗಿರಲಿಲ್ಲ.

ವ್ಯಾಯಾಮ ಅಪಾಯವಲ್ಲ ಎಂದಾಯಿತು. ಮಾಡಿಸುವುದು ಹೇಗೆ ಎಂಬುದು ಬೇರೆಯೇ ಪ್ರಶ್ನೆ. 2007ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದ 377 ಮಂದಿ ಪಾಲ್ಗೊಂಡಿದ್ದರು. ಬರೀ ಸಲಹೆ ಕೇಳಿ ಹೋದವರ ವ್ಯಾಯಾಮ ವಾರಕ್ಕೆ ಸುಮಾರು 30 ನಿಮಿಷ ಹೆಚ್ಚಿತು. ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಕೆ ಯಂತ್ರ ಪಡೆದವರದು 89 ನಿಮಿಷ. ಮುಂದೆ ಯಂತ್ರ ಸೊಂಟದಿಂದ ಮಣಿಕಟ್ಟಿಗೆ ಬಂತು. ಮೆಲ್ಬರ್ನ್‌ನಲ್ಲಿ ಇಂಥದ್ದೇ 83 ಮಂದಿಯ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಣಿಕಟ್ಟಿನ ಪಟ್ಟಿ ಒಳ್ಳೆಯ ಫಲವನ್ನೇ ಕೊಟ್ಟಿತು. ಆದರೆ ಅಲ್ಲಿ ಪಟ್ಟಿಯನ್ನಷ್ಟೇ ಕೊಟ್ಟು ಕೈತೊಳೆದುಕೊಂಡಿರಲಿಲ್ಲ. ಎದುರು ಕೂತು ಗುರಿ ಗೊತ್ತುಮಾಡಿ, ಆಗಾಗ ಫೋನ್ ಮಾಡಿ ವಿಚಾರಿಸುತ್ತಿದ್ದರು. ಪಟ್ಟಿ, ಆ್ಯಪ್ ಮಾರುವವರು ಈ ಭಾಗವನ್ನು ಹೇಳುವುದು ಕಡಿಮೆ.

ಈ ಪಾಠಗಳು ನಮ್ಮ ಊರುಗಳಿಗೆ ಹೇಗೆ ಒಗ್ಗುತ್ತವೆ? ಕೊಯಮತ್ತೂರಿನಲ್ಲಿ ಓಟಕ್ಕೂ ಕ್ಯಾನ್ಸರ್‌ಗೂ ನಂಟು ಬೆಳೆದದ್ದು 2013ರಿಂದ. ಕೊಯಮತ್ತೂರು ಕ್ಯಾನ್ಸರ್ ಫೌಂಡೇಶನ್‌ನ ನೆರವಿಗೆಂದು ಆ ವರ್ಷ ಮ್ಯಾರಥಾನ್ ಶುರುವಾಯಿತು. ನಡೆಯುವವರಿಗೆ ಅಲ್ಲಿನ ರೇಸ್‌ಕೋರ್ಸ್‌ನ ಕಾಲುದಾರಿ ಇದೆ. ಆದರೆ ಹತ್ತಿರದ ತಿರುಪ್ಪೂರಿನ ಬನಿಯನ್ ಕಾರ್ಖಾನೆಯ ಹೆಣ್ಣುಮಕ್ಕಳ ದಿನವೇ ಬೇರೆ. ಓವರ್‌ಲಾಕ್ ಯಂತ್ರದ ಮುಂದೆ ಕೂತವರಿಗೆ ಕಾಲು ಪೆಡಲ್ ಮೇಲೆ, ಕೈ ಬಟ್ಟೆಯ ಮೇಲೆ. ಒಂದು ಶಿಫ್ಟ್ ಮುಗಿದು ಇನ್ನರ್ಧ ಶಿಫ್ಟ್ ದುಡಿಯುವುದೂ ಉಂಟು. ಮಣಿಕಟ್ಟಿನ ಪಟ್ಟಿ ಅಳೆಯುವುದು ಕಾಲನ್ನಲ್ಲ, ಕೈಯ ಅಲುಗಾಟವನ್ನು. ಹೊಲಿಗೆಯ ಎಳೆದಾಟವನ್ನೂ ಅದು ಹೆಜ್ಜೆಯೆಂದು ಬರೆದುಕೊಳ್ಳಬಹುದು. ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳಿದ ಇಂಥವರು ಇಡೀ ದಿನದ ಮೊತ್ತ ನೋಡುವುದಕ್ಕಿಂತ ಸಂಜೆಯ ನಡಿಗೆಯನ್ನು ಮಾತ್ರ ನಿಮಿಷದಲ್ಲಿ ಲೆಕ್ಕ ಇಡುವುದು ಮೇಲು.

ಭಾಷೆಯ ತೊಡಕೂ ಇದೆ. ಈ ಜಿಲ್ಲೆಗಳಲ್ಲಿ ಮನೆಯಲ್ಲಿ ಕನ್ನಡ ಆಡುವ ದೇವಾಂಗ ನೇಕಾರ ಕುಟುಂಬಗಳಿವೆ. ಅವರಲ್ಲಿ ಓದು ಬರಹ ಕಲಿತವರೂ ಕಲಿತದ್ದು ಹೆಚ್ಚಾಗಿ ತಮಿಳಿನಲ್ಲಿ. ಇಂಗ್ಲಿಷ್ ಆ್ಯಪ್‌ಗಿಂತ ಆಸ್ಪತ್ರೆಯ ಫಿಸಿಯೊಥೆರಪಿಸ್ಟ್ ಕಳಿಸುವ ವಾಟ್ಸ್‌ಆ್ಯಪ್ ಧ್ವನಿ ಸಂದೇಶ ಅಲ್ಲಿ ಹೆಚ್ಚು ಕೆಲಸಕ್ಕೆ ಬಂದೀತು.

ಅಂತರರಾಷ್ಟ್ರೀಯ ತಜ್ಞರು 2019ರಲ್ಲಿ ಪ್ರಕಟಿಸಿದ ಸಲಹೆಯ ಪ್ರಕಾರ ವಾರಕ್ಕೆ ಮೂರು ದಿನ ಅರ್ಧ ಗಂಟೆ ಬಿರುಸಿನ ನಡಿಗೆಯಂಥ ವ್ಯಾಯಾಮ, ಎರಡು ದಿನ ಸ್ನಾಯುಗಳಿಗೆ ಕಸರತ್ತು ಸಾಕು. ಹತ್ತು ಸಾವಿರ ಹೆಜ್ಜೆಯ ಹಟ ಬೇಕಿಲ್ಲ. ಶುರು ಮಾಡುವ ಮುನ್ನ ವೈದ್ಯರನ್ನು ಕೇಳಬೇಕು, ಪಟ್ಟಿಯನ್ನು ಶಸ್ತ್ರಚಿಕಿತ್ಸೆಯಾಗದ ಕಡೆಯ ಕೈಗೆ ಕಟ್ಟಬೇಕು. ತೋಳು ಭಾರವೆನಿಸಿದರೆ, ಬಳೆ ಬಿಗಿಯಾಗತೊಡಗಿದರೆ ಆಸ್ಪತ್ರೆಗೆ ಹೋಗಲು ತಡಮಾಡಬಾರದು.