ಗವಿಯನ್ನು ಹೊಕ್ಕ ಬೆಳಕು: ಕಲೆ ಮತ್ತು ವಿಜ್ಞಾನಗಳ ಸಂಬಂಧ

ವಿಜ್ಞಾನವು ಸತ್ಯವನ್ನು ತಿಳಿಸುತ್ತದೆ, ಕಲೆಯು ಮನಸ್ಸನ್ನು ರಂಜಿಸುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯೇ ಎಂದು ವಿಚಾರಿಸಲು ಬಸವನಗುಡಿಗೆ ಸಮೀಪದ ಗವಿಪುರದಲ್ಲಿ ಒಂದು ತಕ್ಕ ನಿದರ್ಶನವಿದೆ. ಅಲ್ಲಿನ ಗವಿ ಗಂಗಾಧರೇಶ್ವರ ದೇವಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣವು ನಂದಿಯ ಕೊಂಬುಗಳ ನಡುವೆ ಹಾದು ಒಳಗಿನ ಲಿಂಗದ ಮೇಲೆ ಬೀಳುತ್ತದೆ. ಅದನ್ನು ಕಾಣಲು ಪ್ರತಿ ವರ್ಷವೂ ಜನರು ನೆರೆಯುತ್ತಾರೆ.

ಖಗೋಳಶಾಸ್ತ್ರವು ಇದನ್ನು ವಿವರಿಸಬಲ್ಲದು. ಸೂರ್ಯನು ಮುಳುಗುವ ಸ್ಥಾನವು ಡಿಸೆಂಬರ್ 21ರ ಸುಮಾರಿನ ತನಕ ದಕ್ಷಿಣಕ್ಕೆ ಸರಿದು, ಬಳಿಕ ಉತ್ತರಕ್ಕೆ ಹಿಂದಿರುಗುತ್ತದೆ. ಆದುದರಿಂದ ಜನವರಿ ಮಧ್ಯದಲ್ಲಿ ಸೂರ್ಯನಿರುವ ಸ್ಥಾನದಲ್ಲಿಯೇ ಅವನು ನವೆಂಬರ್ ಕೊನೆಯಲ್ಲಿಯೂ ಇರುತ್ತಾನೆ. ಆಗಲೂ ಬೆಳಕು ಗವಿಯನ್ನು ಹೊಗುತ್ತದೆ. ಈ ವಿಷಯವನ್ನು ಅಭ್ಯಸಿಸಿದ ಸಂಶೋಧಕರು, 18ನೆಯ ಶತಮಾನದ ಕೊನೆಯಲ್ಲಿ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಆಂಗ್ಲ ಚಿತ್ರಕಾರರು ಬರೆದ ಚಿತ್ರಗಳನ್ನು ಇಂದಿನ ಕಟ್ಟಡದೊಡನೆ ಹೋಲಿಸಿ, ಅದರಲ್ಲಿ ಆಗಿರುವ ಬದಲಾವಣೆಗಳನ್ನು ಗುರುತಿಸಿದರು. ಇಲ್ಲಿ ಚಿತ್ರಕಲೆಯೇ ವಿಜ್ಞಾನಕ್ಕೆ ಸಾಕ್ಷಿ ನುಡಿಯಿತು.

ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಆರನೆಯ ಭಾಗದಲ್ಲಿ ಈ ಎರಡನ್ನೂ ಬೇರ್ಪಡಿಸುತ್ತಾನೆ. ಬೇರೆ ವಿಧವಾಗಿ ಇರಲಾರದ ಸಂಗತಿಗಳು ವಿಜ್ಞಾನದ ವಿಷಯ. ಮಾಡಿದರೆ ಆಗುವ, ಮಾಡದಿದ್ದರೆ ಆಗದಿರುವ ವಸ್ತುಗಳು ಕಲೆಯ ವಿಷಯ. ಆದರೂ ಆತ್ಮವು ಸತ್ಯವನ್ನು ಹೊಂದುವ ಐದು ಬಗೆಗಳಲ್ಲಿ ಅವನು ಎರಡನ್ನೂ ಸೇರಿಸುತ್ತಾನೆಂಬುದನ್ನು ಮರೆಯಬಾರದು. ಸೂರ್ಯನ ಪಥವನ್ನು ಶಿಲ್ಪಿಯು ಬದಲಿಸಲಾರನು. ಕಲ್ಲನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಸೂರ್ಯನು ನಿರ್ಣಯಿಸಲಾರನು. ನವೆಂಬರಿನ ಬೆಳಕಿಗಿಂತ ಜನವರಿಯ ಬೆಳಕು ಏಕೆ ಹಬ್ಬವಾಯಿತೆಂಬುದಕ್ಕೆ ಕೋನಗಳ ಲೆಕ್ಕದಲ್ಲಿ ಉತ್ತರವಿಲ್ಲ. ಅದು ಆರಾಧಿಸುವ ಜನರ ನೆನಪಿಗೆ ಸೇರಿದ ಅರ್ಥ.

ಕ್ರೈಸ್ತ ಸಭೆಯೂ ಇಂಥ ಅನುಭವಕ್ಕೆ ಹೊರತಲ್ಲ. 1655ರಲ್ಲಿ ಖಗೋಳಜ್ಞ ಕಸ್ಸೀನಿಯು ಇಟಲಿಯ ಬೊಲೋನ್ಯದ ಸಂತ ಪೆತ್ರೋನಿಯ ದೇವಾಲಯದ ನೆಲದ ಮೇಲೆ ಸುಮಾರು 67 ಮೀಟರ್ ಉದ್ದದ ಮಧ್ಯಾಹ್ನರೇಖೆಯನ್ನು ಹಾಕಿಸಿದನು. ಛಾವಣಿಯ ರಂಧ್ರದಿಂದ ಇಳಿದ ಬಿಸಿಲು ಸೂರ್ಯನ ಗತಿಯನ್ನು ಅಳೆಯಲು ನೆರವಾಯಿತು. ಪುನರುತ್ಥಾನ ಹಬ್ಬದ ದಿನವನ್ನು ಸರಿಯಾಗಿ ಗೊತ್ತುಪಡಿಸಲು ಅಂಥ ಅಳತೆ ಅಗತ್ಯವಾಗಿತ್ತು. ಆರಾಧನೆಯ ಮಂದಿರವೇ ವೀಕ್ಷಣಾಲಯವಾಯಿತು.

ವಿಮೋಚನಕಾಂಡ 31ನೆಯ ಅಧ್ಯಾಯದಲ್ಲಿ ಬೆಚಲೇಲನಿಗೆ ದೇವರಾತ್ಮನು ಅನುಗ್ರಹಿಸಿದ ವರಗಳಲ್ಲಿ ಜ್ಞಾನ, ವಿವೇಕ, ಕೈಚಳಕಗಳು ಒಟ್ಟಾಗಿಯೇ ಬರುತ್ತವೆ. ತಿಳಿಯುವ ಬುದ್ಧಿಯೂ ಮಾಡುವ ಕೈಯೂ ಒಬ್ಬನೇ ದಾತನಿಂದ ಬಂದವು ಎಂಬುದು ಅಲ್ಲಿನ ಬೋಧನೆ.

ಬೋಧಕರಾದ ನಮಗೆ ಇದರಿಂದ ಎರಡು ಎಚ್ಚರಿಕೆಗಳು ದೊರೆಯುತ್ತವೆ. ಕಾರಣ ತಿಳಿದೊಡನೆ ಬೆರಗು ಅಳಿಯಿತೆಂದು ಭಾವಿಸುವುದು ಒಂದು ತಪ್ಪು. ಬೆರಗನ್ನು ಉಳಿಸಲೆಂದು ಕಾರಣವನ್ನು ಮರೆಮಾಡುವುದು ಇನ್ನೊಂದು. ಪ್ರಸಂಗಪೀಠದಲ್ಲಿ ಇದೇ ಹೆಚ್ಚು ಅಪಾಯಕರ. ಮರೆಮಾಡಿದ ಕಾರಣವನ್ನು ನಾಳೆ ತರಗತಿಯಲ್ಲಿ ಕಲಿಯುವ ಯುವಕನು, ನಾವು ಹೇಳಿದ ಉಳಿದ ಮಾತುಗಳನ್ನೂ ಸಂದೇಹಿಸುವನು. 19ನೆಯ ಕೀರ್ತನೆಯು ಸೂರ್ಯನ ಓಟವನ್ನು ವರ್ಣಿಸಿ, ಅಲ್ಲಿಂದ ಕರ್ತನ ಧರ್ಮಶಾಸ್ತ್ರದ ಕಡೆಗೆ ತಿರುಗುತ್ತದೆ. ಒಂದನ್ನು ಹೇಳಲು ಇನ್ನೊಂದನ್ನು ಅಲ್ಲಗಳೆಯಬೇಕೆಂದು ಕೀರ್ತನಕಾರನಿಗೆ ತೋರಲಿಲ್ಲ. ನಮಗೂ ಹಾಗೆ ತೋರಬೇಕಾಗಿಲ್ಲ.