ಹಳೆಯ ಬಾಗಿಲವಾಡದ ಬಣ್ಣ ತೆಗೆಯುವಾಗ

ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಈಗ ಬೆಂಗಳೂರು ನಗರದೊಳಗೆ ಸೇರಿಹೋಗಿರುವ ಮತ್ತಿಕೆರೆಯಂತಹ ಕಡೆಗಳಲ್ಲಿ ಹಳೆಯ ಮನೆ ಕೆಡವಿದಾಗ ತೇಗ, ಹಲಸು ಮುಂತಾದ ಮರದ ಬಾಗಿಲು, ಬಾಗಿಲವಾಡ, ಕಿಟಕಿಗಳು ಮಾರಾಟಕ್ಕೆ ಬರುತ್ತವೆ. ಹೊಸ ಮರಕ್ಕಿಂತ ಅಗ್ಗ. ಬಲಿತ ಮರವಾದ್ದರಿಂದ ಬಾಳಿಕೆಯೂ ಹೆಚ್ಚು. ಊರಿನಲ್ಲಿ ಮನೆ ಕಟ್ಟುವ ರೈತರು ಇವನ್ನು ಕೊಂಡೊಯ್ಯುವುದುಂಟು. ಆದರೆ ಅಂಗಳದಲ್ಲಿ ಕುಳಿತು ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ತೆಗೆಯುವುದು ಅಪಾಯಕರ.

ಇದಕ್ಕೆ ಕಾರಣ ಸೀಸ. ಹೊಸ್ತಿಲಿಗೆ ಅರಿಶಿನದ ಬದಲು ಬಳಿಯುವ ಹಳದಿ ಎಣ್ಣೆಬಣ್ಣದಲ್ಲಿ ಹಿಂದೆ ಸೀಸದ ಕ್ರೋಮೇಟ್ ಬಳಕೆ ಸಾಮಾನ್ಯವಾಗಿತ್ತು. ಅಂಬೆಗಾಲಿಡುವ ಮಗು ಕೈಯೂರುವುದೂ ಆ ಹೊಸ್ತಿಲ ಮೇಲೆಯೇ! ಮನೆಗೆ ಬಳಿಯುವ ಬಣ್ಣದ ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗ ಮೀರಕೂಡದೆಂಬ ಕೇಂದ್ರ ಸರ್ಕಾರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಣ್ಣವನ್ನೆಲ್ಲ ಸೀಸವುಳ್ಳದ್ದೆಂದೇ ಭಾವಿಸುವುದು ಕ್ಷೇಮ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಹೊರಗೆ ಯಾವ ಲಕ್ಷಣವೂ ಕಾಣದೆಯೇ ಮಿದುಳಿನ ಬೆಳವಣಿಗೆಗೆ ಧಕ್ಕೆಯಾಗಬಹುದು.

ಬಣ್ಣ ಎಲ್ಲೂ ಏಳದೆ ಗಟ್ಟಿಯಾಗಿ ಹಿಡಿದಿದ್ದರೆ ಅದರ ಮೇಲೆಯೇ ಹೊಸ ಬಣ್ಣ ಬಳಿಯುವುದು ಮೇಲು. ತೆಗೆಯಲೇಬೇಕಾದಲ್ಲಿ, ಮೊದಲು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒಂದು ಮೂಲೆ ಒರೆಸಿ ನೋಡಿ. ಕರಗಿ ಅಂಟಂಟಾದರೆ ಅದು ಅರಗಿನ ಪಾಲಿಶ್, ಸ್ಪಿರಿಟ್ಟಿನಿಂದಲೇ ಹೋಗುತ್ತದೆ. ಹತ್ತಿರದಲ್ಲಿ ಬೆಂಕಿ ಇರಕೂಡದು. ಎಣ್ಣೆಬಣ್ಣವಾದರೆ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಆಗಾಗ ನೀರು ಚಿಮುಕಿಸುತ್ತ ಕಬ್ಬಿಣದ ಪಟ್ಟಿಯಿಂದ ಕೆರೆಯಬೇಕು. ನಂತರ ನೀರಿಗೆ ಹಾಳಾಗದ ಉಪ್ಪುಕಾಗದದಿಂದ ಹಸಿಯಾಗಿಯೇ ಉಜ್ಜಬೇಕು. ಮೂಗಿಗೆ ಟವೆಲ್ ಸುತ್ತಿದರೆ ಸಾಲದು, ಎನ್-95 ಮುಖಗವಸು ಬೇಕು. ಮಕ್ಕಳು, ಗರ್ಭಿಣಿಯರು ದೂರವಿರಲಿ.

ಬ್ಲೋ ಲ್ಯಾಂಪಿನಿಂದ ಸುಡುವುದು ಬೇಡ. ಸೀಸ ಹೊಗೆಯಾಗಿ ಶ್ವಾಸಕೋಶ ಸೇರುತ್ತದೆ. ಕಾಸ್ಟಿಕ್ ಸೋಡಾ ಬೇಗ ಕೆಲಸ ಮಾಡುವುದೇನೋ ನಿಜ, ಆದರೆ ತೇಗಕ್ಕೆ ನಾನು ಅದನ್ನು ಹೇಳಲಾರೆ. ಮರ ಕಪ್ಪಾಗುತ್ತದೆ, ನಾರು ಏಳುತ್ತದೆ, ಕ್ಷಾರ ಉಳಿದರೆ ಹೊಸ ಬಣ್ಣವೂ ಸುಲಿಯುತ್ತದೆ. ಡೈಕ್ಲೋರೋಮೀಥೇನ್ ಇರುವ ದ್ರಾವಣಗಳ ಆವಿ ಮುಚ್ಚಿದ ಕೋಣೆಯಲ್ಲಿ ಪ್ರಾಣಕ್ಕೇ ಎರವಾಗಬಹುದು.

ಬೇಸಾಯಶಾಸ್ತ್ರ ಬೋಧಿಸುವ ನನಗೆ ಹೆಚ್ಚಿನ ಚಿಂತೆ ಕೆರೆದ ಸಿಪ್ಪೆಯದು. ಅದನ್ನು ತಿಪ್ಪೆಗೆ ಹಾಕಲೇಕೂಡದು. ಸೀಸ ಕೊಳೆಯುವ ವಸ್ತುವಲ್ಲ. ಗೊಬ್ಬರದೊಡನೆ ಹೊಲ ಸೇರಿದರೆ ಮೇಲ್ಮಣ್ಣಿನಲ್ಲಿ ತಲೆಮಾರುಗಳ ಕಾಲ ಉಳಿಯುತ್ತದೆ. ಹಿತ್ತಲಿಗೆ ಬಿದ್ದರೆ ಮಣ್ಣು ಮೆತ್ತಿದ ಸೊಪ್ಪಿನ ಮೂಲಕ, ಕೆದಕಿ ತಿನ್ನುವ ಕೋಳಿಯ ಮೊಟ್ಟೆಯ ಮೂಲಕ ಅಡಿಗೆಮನೆಗೆ ಮರಳುತ್ತದೆ. ಬಣ್ಣದ ಸಿಪ್ಪೆ ನೆಕ್ಕಿದ ಕರುಗಳು ಸಾಯುವುದೂ ಉಂಟು. ಬಣ್ಣ ಬಳಿದ ಚೂರುಗಳನ್ನು ನೀರೊಲೆಗೆ ಒಡ್ಡಿದರೆ ಸೀಸ ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯಿಂದಲೇ ಪಾತ್ರೆ ತಿಕ್ಕುವ ಮನೆಗಳು ಇನ್ನೂ ಇವೆ. ಸಿಪ್ಪೆ, ಹಾಳೆ, ಉಪ್ಪುಕಾಗದಗಳನ್ನು ದಪ್ಪ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಅಪಾಯಕಾರಿ ಕಸವೆಂದು ತಿಳಿಸಿಯೇ ಪ್ರತ್ಯೇಕವಾಗಿ ಕೊಡಬೇಕು. ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು.

ಬರಿದಾದ ಮರಕ್ಕೆ, ಪೂರ್ತಿ ಒಣಗಿದ ಮೇಲೆ, ಕಾಯಿಸಿದ ಅಗಸೆ ಎಣ್ಣೆ ಸವರಬಹುದು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಬಯಲಿನಲ್ಲಿ ಬಿಡಿಸಿ ಹರವಿ ಒಣಗಿಸಬೇಕು.